ಥರ್ಮೋಕಪಲ್ ರೀಡಿಂಗ್ ತಪ್ಪುತ್ತಿದೆಯೇ? ಮೊದಲು ಕೋಲ್ಡ್ ಜಂಕ್ಷನ್ ಎಲ್ಲಿದೆ ಹುಡುಕಿ

"ಫರ್ನೇಸ್ ಅದೇ, ಸೆನ್ಸರ್ ಅದೇ. ಬೆಳಿಗ್ಗೆ ಸರಿಯಾಗಿ ತೋರಿಸುತ್ತೆ, ಮಧ್ಯಾಹ್ನ ಆದ್ರೆ ಹತ್ತು ಡಿಗ್ರಿ ಕಡಿಮೆ. ಸೆನ್ಸರ್ ಹೋಗಿದೆಯಾ?"

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಇದರದೇ ಇನ್ನೊಂದು ರೂಪ: "ಕ್ಯಾಲಿಬ್ರೇಟರ್ ಹಾಕಿದರೆ ಸರಿ, ಲೈನ್ ಹಾಕಿದರೆ ತಪ್ಪು." (ಕ್ಯಾಲಿಬ್ರೇಟರ್ ಅಂದರೆ ಸೆನ್ಸರ್ ಬದಲು ಗೊತ್ತಿರುವ ಸಿಗ್ನಲ್ ಕೊಟ್ಟು ಉಪಕರಣ ಪರೀಕ್ಷಿಸುವ ಸಾಧನ.) ಎರಡೂ ದೂರಿನಲ್ಲಿ ಬಹಳ ಸಲ ಸೆನ್ಸರ್ ಚೆನ್ನಾಗಿಯೇ ಇರುತ್ತದೆ. ತಪ್ಪು ಇರುವುದು ತಂತಿಯ ಈ ತುದಿಯಲ್ಲಿ, ಅಂದರೆ ತಣ್ಣಗಿದೆ ಎಂದುಕೊಂಡು ಯಾರೂ ನೋಡದ ತುದಿಯಲ್ಲಿ. ಸೆನ್ಸರ್ ಬಿಚ್ಚುವ ಮೊದಲು ಕೆಳಗಿನ ಹಂತಗಳನ್ನು ಮಾಡಿ ನೋಡಿ.

ಮೊದಲು, ಅಲ್ಲಿ ಆಗುತ್ತಿರುವುದೇನು?

ಥರ್ಮೋಕಪಲ್ ಅಂದರೆ ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಒಂದು ತುದಿಯಲ್ಲಿ ಬೆಸೆದದ್ದು. ಬೆಸೆದ ತುದಿ ಬಿಸಿಯಲ್ಲಿ, ಬಿಡಿ ತುದಿಗಳು ಉಪಕರಣದ ಟರ್ಮಿನಲ್‌ನಲ್ಲಿ. ಎರಡೂ ಕಡೆ ತಾಪಮಾನ ಬೇರೆ ಇದ್ದರೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಸೀಬೆಕ್ 1821ರಲ್ಲಿ ಕಂಡ ಪರಿಣಾಮ ಇದೇ. ತುಂಬಾ ಜನ ಆ ವೋಲ್ಟೇಜ್ ಬೆಸುಗೆಯ ಜಾಗದಲ್ಲಿ ಹುಟ್ಟುತ್ತದೆ ಅಂದುಕೊಂಡಿರುತ್ತಾರೆ. ಹಾಗಲ್ಲ. ತಂತಿಯ ಉದ್ದಕ್ಕೂ ಎಲ್ಲೆಲ್ಲಿ ತಾಪಮಾನ ಬದಲಾಗುತ್ತದೋ ಅಲ್ಲೆಲ್ಲ ಅದು ಹುಟ್ಟುತ್ತದೆ. ಬೆಸುಗೆ ಎರಡು ತಂತಿಗಳನ್ನು ಸೇರಿಸುತ್ತದೆ, ಅಷ್ಟೇ. ಇದೊಂದು ಮನಸ್ಸಲ್ಲಿ ಕೂತರೆ ಮುಂದಿನದೆಲ್ಲ ಸುಲಭ.

ಅಂದರೆ ಥರ್ಮೋಕಪಲ್ ತಾಪಮಾನ ಅಳೆಯುವುದಿಲ್ಲ, ತಾಪಮಾನದ ವ್ಯತ್ಯಾಸ ಅಳೆಯುತ್ತದೆ. ಬಿಸಿ ತುದಿ ಎಷ್ಟಿದೆ ಎಂದು ಹೇಳಬೇಕಾದರೆ ಈ ಕಡೆಯ ತುದಿ ಎಷ್ಟಿದೆ ಎಂದು ಗೊತ್ತಿರಬೇಕು. ಈ ಕಡೆಯ ತುದಿಗೇ ಕೋಲ್ಡ್ ಜಂಕ್ಷನ್ ಎನ್ನುತ್ತಾರೆ. ಹೆಸರಿಗೆ ಕೋಲ್ಡ್, ಬಿಸಿ ಪ್ಯಾನೆಲ್‌ನಲ್ಲಿ (ಉಪಕರಣ ಕೂರಿಸಿದ ಪೆಟ್ಟಿಗೆಯಲ್ಲಿ) ಅದು 50 ಡಿಗ್ರಿಯೂ ಇರಬಹುದು. ಅದರ ತಾಪಮಾನ ಅಳೆದು ಲೆಕ್ಕಕ್ಕೆ ಸೇರಿಸುವುದೇ ಕೋಲ್ಡ್ ಜಂಕ್ಷನ್ ಕಾಂಪೆನ್ಸೇಷನ್, ಚಿಕ್ಕದಾಗಿ ಸಿಜೆಸಿ. ಲೇಖನದಲ್ಲಿ ಡಿಗ್ರಿ ಎಂದರೆಲ್ಲ ಸೆಲ್ಸಿಯಸ್.

ಕೈಯಲ್ಲಿ ಇರಬೇಕಾದ್ದು

ನಿಮ್ಮ ಥರ್ಮೋಕಪಲ್ ಟೈಪ್‌ನ ಮಿಲಿವೋಲ್ಟ್ ಪಟ್ಟಿ. (ಟೈಪ್ ಅಂದರೆ ಯಾವ ಎರಡು ಲೋಹಗಳ ಜೋಡಿ ಎನ್ನುವುದು; ಕೆ, ಜೆ, ಎಸ್ ಹೀಗೆ ಅಕ್ಷರದಲ್ಲಿ ಹೇಳುತ್ತಾರೆ. ಕೋಲ್ಡ್ ಜಂಕ್ಷನ್ ಸೊನ್ನೆ ಡಿಗ್ರಿ ಇದ್ದಾಗ ಎಷ್ಟು ಡಿಗ್ರಿಗೆ ಎಷ್ಟು ಮಿಲಿವೋಲ್ಟ್ ಎಂದು ಪಟ್ಟಿ ಹೇಳುತ್ತದೆ.) ಒಂದು ತುಂಡು ತಾಮ್ರದ ತಂತಿ. ಸಣ್ಣ ಅಯಸ್ಕಾಂತ. ತೆಳು ತುದಿಯ ಒಂದು ಕಾಂಟ್ಯಾಕ್ಟ್ ಥರ್ಮಾಮೀಟರ್. ಮೈಕ್ರೋವೋಲ್ಟ್‌ವರೆಗೆ ತೋರಿಸುವ ಮೀಟರ್ ಅಥವಾ ಪ್ರೋಸೆಸ್ ಕ್ಯಾಲಿಬ್ರೇಟರ್. ಸಾಮಾನ್ಯ ಮಲ್ಟಿಮೀಟರ್ 0.1 ಮಿಲಿವೋಲ್ಟ್‌ನಲ್ಲಿ ನಿಂತುಬಿಡುತ್ತದೆ. ಕೆ ಟೈಪ್‌ನಲ್ಲಿ ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್, ಹಾಗಾಗಿ 0.1 ಮಿಲಿವೋಲ್ಟ್ ಅಂದರೆ ಎರಡೂವರೆ ಡಿಗ್ರಿ. ಒರಟು ಪರೀಕ್ಷೆಗೆ ಸಾಕು, ನಿಖರ ಕೆಲಸಕ್ಕೆ ಸಾಲದು.

ಹಂತ 1: ಥರ್ಮೋಕಪಲ್ ಲೋಹ ಎಲ್ಲಿ ಮುಗಿಯುತ್ತದೆ, ಹುಡುಕಿ

ಇದೇ ಅತಿ ಮುಖ್ಯವಾದ ಹಂತ, ಆದರೆ ಇದನ್ನೇ ಎಲ್ಲರೂ ಬಿಡುತ್ತಾರೆ. ಸೆನ್ಸರ್ ಹೆಡ್‌ನಿಂದ, ಅಂದರೆ ಸೆನ್ಸರ್ ತಲೆಯ ಮೇಲಿನ ಟರ್ಮಿನಲ್ ಡಬ್ಬಿಯಿಂದ ಹೊರಟು ಕೇಬಲ್ ಹಿಡಿದು ಪ್ಯಾನೆಲ್‌ವರೆಗೆ ನಡೆಯಿರಿ. ಡ್ರಾಯಿಂಗ್ ನಂಬಬೇಡಿ, ಕಣ್ಣಿಂದ ನೋಡಿ. ಪ್ರತಿ ಜಂಕ್ಷನ್ ಬಾಕ್ಸ್ ತೆಗೆಯಿರಿ. ಥರ್ಮೋಕಪಲ್ ಲೋಹ ಮುಗಿದು ತಾಮ್ರ ಶುರುವಾಗುವ ಜಾಗ ಯಾವುದೋ ಅದೇ ನಿಮ್ಮ ನಿಜವಾದ ಕೋಲ್ಡ್ ಜಂಕ್ಷನ್. ಸಿಜೆಸಿ ಸೆನ್ಸರ್ ಅಲ್ಲೇ ಇರಬೇಕು. ಅದು ಪ್ಯಾನೆಲ್‌ನಲ್ಲಿದ್ದು, ಲೋಹ ಫರ್ನೇಸ್ ಪಕ್ಕದ ಹೆಡ್‌ನಲ್ಲೇ ಮುಗಿದಿದ್ದರೆ ಲೆಕ್ಕ ಹಳ್ಳ ಹಿಡಿದಂತೆಯೇ.

ಎಷ್ಟು ತಪ್ಪುತ್ತದೆ ನೋಡಿ. ಕೆ ಟೈಪ್, ಒಳಗೆ 800 ಡಿಗ್ರಿ, ಹೆಡ್ 60, ಪ್ಯಾನೆಲ್ 30. ಹೆಡ್‌ನಿಂದ ಪ್ಯಾನೆಲ್‌ಗೆ ಯಾರೋ ಸಾದಾ ತಾಮ್ರದ ಕೇಬಲ್ ಎಳೆದಿದ್ದಾರೆ. ಪಟ್ಟಿಯಲ್ಲಿ 800ಕ್ಕೆ 33.275 ಮಿಲಿವೋಲ್ಟ್, 60ಕ್ಕೆ 2.436, 30ಕ್ಕೆ 1.203. ಪ್ಯಾನೆಲ್‌ಗೆ ಬರುವುದು 33.275 ಕಳೆ 2.436, ಅಂದರೆ 30.839. ಉಪಕರಣ ಅದಕ್ಕೆ ತನ್ನ ಕಡೆಯ 30 ಡಿಗ್ರಿಯ 1.203 ಸೇರಿಸುತ್ತದೆ: 32.042. ಡಿಸ್‌ಪ್ಲೇನಲ್ಲಿ ಬರುವುದು 770. ಮೂವತ್ತು ಡಿಗ್ರಿ ಕಡಿಮೆ, ಅಂದರೆ ಹೆಡ್‌ಗೂ ಪ್ಯಾನೆಲ್‌ಗೂ ಇರುವ ವ್ಯತ್ಯಾಸದಷ್ಟೇ. ಫರ್ನೇಸ್ ಬಾಗಿಲು ತೆಗೆದಾಗ ಹೆಡ್ 80ಕ್ಕೆ ಹೋದರೆ ತಪ್ಪು 50 ಆಗುತ್ತದೆ. ಆಮೇಲೆ ತಾನೇ ಸರಿಹೋಗುತ್ತದೆ. "ಒಂದೊಂದ್ಸಲ ತಪ್ಪು ತೋರಿಸುತ್ತೆ" ಅನ್ನುವ ದೂರು ಹುಟ್ಟುವುದು ಹೀಗೆ.

ಮಧ್ಯೆ ಒಂದೆರಡು ತಾಮ್ರದ ಅಥವಾ ಹಿತ್ತಾಳೆಯ ಟರ್ಮಿನಲ್ ಇದ್ದರೆ ಗಾಬರಿ ಬೇಡ. ಆ ಲೋಹದ ಎರಡೂ ತುದಿ ಒಂದೇ ತಾಪಮಾನದಲ್ಲಿದ್ದರೆ ಅದರಿಂದ ವೋಲ್ಟೇಜ್ ಹುಟ್ಟುವುದಿಲ್ಲ. ಟರ್ಮಿನಲ್‌ನ ಒಂದು ಬದಿ ಬಿಸಿ, ಇನ್ನೊಂದು ಬದಿ ತಣ್ಣಗೆ ಇದ್ದರೆ ಮಾತ್ರ ತೊಂದರೆ.

ಹಂತ 2: ಕೇಬಲ್ ಜಾತಿ ಮತ್ತು ಧ್ರುವ ನೋಡಿ

ಎರಡು ಬಗೆಯ ಕೇಬಲ್ ಸಿಗುತ್ತವೆ. ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ಥರ್ಮೋಕಪಲ್‌ನದೇ ಮಿಶ್ರಲೋಹ ಇರುತ್ತದೆ. ಕಾಂಪೆನ್ಸೇಟಿಂಗ್ ಕೇಬಲ್‌ನಲ್ಲಿ ಬೇರೆ, ಅಗ್ಗದ ಲೋಹ. ಒಂದು ಮಿತಿಯೊಳಗೆ ಅದೂ ಅಷ್ಟೇ ವೋಲ್ಟೇಜ್ ಕೊಡುತ್ತದೆ. ಮಿತಿ ದಾಟಿದರೆ ಕೊಡುವುದಿಲ್ಲ. ಕೆ ಟೈಪ್‌ಗೆ ಬರುವ ತಾಮ್ರ-ಕಾನ್‌ಸ್ಟಾಂಟನ್ ಕೇಬಲ್ ಸುಮಾರು 100 ಡಿಗ್ರಿವರೆಗೆ ಮಾತ್ರ. ಬಿಸಿ ಹೆಡ್ ಹತ್ತಿರ ಅದನ್ನು ಹಾಕಿದರೆ ಕಷ್ಟ.

ಈಗ ಬಣ್ಣ. ಇಲ್ಲಿ ತಲೆ ಕೆಡಬಹುದು, ನಿಧಾನವಾಗಿ ಓದಿ. ಅಂತಾರಾಷ್ಟ್ರೀಯ ಐಇಸಿ ಪದ್ಧತಿಯಲ್ಲಿ ಕೆ ಟೈಪ್ ಹಸಿರು, ಮೈನಸ್ ಯಾವಾಗಲೂ ಬಿಳಿ. ಅಮೆರಿಕದ ಪದ್ಧತಿಯಲ್ಲಿ ಕೆ ಟೈಪ್ ಹಳದಿ, ಮೈನಸ್ ಯಾವಾಗಲೂ ಕೆಂಪು. ಹಳೆಯ ಜರ್ಮನ್ ಪದ್ಧತಿಯಲ್ಲಿ ಕೆಂಪು ಅಂದರೆ ಪ್ಲಸ್! ವಿದ್ಯುತ್ ಕೆಲಸದಲ್ಲಿ ಪಳಗಿದ ಕೈ ಕೆಂಪು ಕಂಡರೆ ಪ್ಲಸ್‌ಗೆ ಹಾಕುವುದು ಸಹಜ. ಅಮೆರಿಕನ್ ಬಣ್ಣದ ಕೇಬಲ್‌ನಲ್ಲಿ ಹಾಗೆ ಮಾಡಿದರೆ ಕೆಟ್ಟಿತು.

ಬಣ್ಣ ಮಾಸಿದ್ದರೆ ಅಥವಾ ಅನುಮಾನ ಇದ್ದರೆ ಅಯಸ್ಕಾಂತ ತೆಗೆಯಿರಿ. ಕೆ ಟೈಪ್‌ನಲ್ಲಿ ಮೈನಸ್ ತಂತಿ, ಅಂದರೆ ಅಲುಮೆಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಜೆ ಟೈಪ್‌ನಲ್ಲಿ ಅಂಟುವುದು ಪ್ಲಸ್ ತಂತಿ, ಅದು ಕಬ್ಬಿಣ. ಜೇಬಲ್ಲಿ ಇಟ್ಟುಕೊಳ್ಳಬಹುದಾದ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಉಪಕರಣದ ಕಡೆ ಮಾತ್ರ ಧ್ರುವ ತಿರುಗಿದ್ದರೆ ಬೇಗ ಸಿಕ್ಕಿಬೀಳುತ್ತದೆ. ಬಿಸಿ ಮಾಡಿದಂತೆಲ್ಲ ರೀಡಿಂಗ್ ಇಳಿಯುತ್ತದೆ. ಮೋಸ ಮಾಡುವುದು ಎರಡು ಸಲ ತಿರುಗಿದ ಕೇಬಲ್. ಒಬ್ಬರು ಹೆಡ್‌ನಲ್ಲಿ ತಿರುಗಿಸಿ ಹಾಕಿರುತ್ತಾರೆ. ಇನ್ನೊಬ್ಬರು ರೀಡಿಂಗ್ ಇಳಿಯುವುದನ್ನು ನೋಡಿ ಪ್ಯಾನೆಲ್‌ನಲ್ಲೂ ತಿರುಗಿಸುತ್ತಾರೆ. ಈಗ ರೀಡಿಂಗ್ ಏರುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಕೇಬಲ್ ಈಗ ಕೂಡುವ ಬದಲು ಕಳೆಯುತ್ತಿದೆ. ಮೇಲಿನ ಅದೇ ಉದಾಹರಣೆಯಲ್ಲಿ 800ರ ಬದಲು 740 ಬರುತ್ತದೆ. ತಾಮ್ರದ ಕೇಬಲ್ ಹಾಕಿದ್ದಕ್ಕಿಂತ ಎರಡರಷ್ಟು ತಪ್ಪು! ಇದನ್ನು ಹಿಡಿಯುವ ದಾರಿ ಒಂದೇ: ಎರಡೂ ತುದಿ ಬಿಚ್ಚಿ ನೋಡುವುದು.

ಹಂತ 3: ಸಿಜೆಸಿ ಸೆಟ್ಟಿಂಗ್ ಪರೀಕ್ಷಿಸಿ

ಕಂಟ್ರೋಲರ್ ಅಥವಾ ಪಿಎಲ್‌ಸಿ (ಯಂತ್ರ ನಡೆಸುವ ಕೈಗಾರಿಕಾ ಕಂಪ್ಯೂಟರ್) ಕಾರ್ಡ್‌ನಲ್ಲಿ ಸಾಮಾನ್ಯವಾಗಿ ಇವುಗಳಲ್ಲಿ ಕೆಲವು ಆಯ್ಕೆ ಇರುತ್ತವೆ: ಒಳಗಿನ ಸೆನ್ಸರ್, ಹೊರಗಿನ ಸೆನ್ಸರ್ (ಬಹಳ ಸಲ ಪಿಟಿ100 ಎಂಬ ಪ್ಲಾಟಿನಂ ಸೆನ್ಸರ್), ಸ್ಥಿರ ತಾಪಮಾನ, ಅಥವಾ ಸಿಜೆಸಿ ಇಲ್ಲ. ನಿಮ್ಮದು ಯಾವುದರಲ್ಲಿದೆ?

ಸ್ಥಿರ ತಾಪಮಾನ 25 ಎಂದು ಇದ್ದು, ಟರ್ಮಿನಲ್ ಬೆಳಿಗ್ಗೆ 25, ಮಧ್ಯಾಹ್ನ 35 ಆದರೆ ಮಧ್ಯಾಹ್ನದ ರೀಡಿಂಗ್ ಹತ್ತು ಡಿಗ್ರಿ ಕಡಿಮೆ. ಮೊದಲಿಗೆ ಹೇಳಿದ ದೂರು ನೆನಪಿದೆಯಲ್ಲ? ಬಹಳ ಸಲ ಅದರ ಉತ್ತರ ಇದೇ.

ಎಡವುವ ಇನ್ನೊಂದು ಜಾಗ: ಎರಡೆರಡು ಸಲ ಕಾಂಪೆನ್ಸೇಷನ್. ಹೆಡ್‌ನಲ್ಲಿ ಟ್ರಾನ್ಸ್‌ಮಿಟರ್ (ತಾಪಮಾನವನ್ನು ಕರೆಂಟ್ ಸಿಗ್ನಲ್ ಮಾಡಿ ಕಳಿಸುವ ಸಾಧನ) ಇದ್ದು 4–20 ಮಿಲಿಆಂಪ್ ಬರುತ್ತಿದ್ದರೆ ಸಿಜೆಸಿ ಅಲ್ಲೇ ಮುಗಿದಿದೆ. ಅಲ್ಲಿಂದ ತಾಮ್ರದ ಕೇಬಲ್ ಸಾಕು, ಈ ಕಡೆ ಮತ್ತೆ ಏನೂ ಬೇಡ. ಆದರೆ ಮಧ್ಯದಲ್ಲಿ ಸಿಜೆಸಿ ಮಾಡಿ ಮಿಲಿವೋಲ್ಟ್ ರೂಪದಲ್ಲೇ ಕಳಿಸುವ ಪೆಟ್ಟಿಗೆ ಇದ್ದು, ಕಾರ್ಡ್ ಕೂಡ ತನ್ನ ಕಡೆಯದನ್ನು ಸೇರಿಸುತ್ತಿದ್ದರೆ ರೀಡಿಂಗ್ ಪ್ಯಾನೆಲ್ ತಾಪಮಾನದಷ್ಟು ಜಾಸ್ತಿ ಬರುತ್ತದೆ.

ಹಂತ 4: ಶಾರ್ಟ್ ಮಾಡಿ ನೋಡಿ

ಪ್ರೋಸೆಸ್‌ನವರಿಗೆ ಹೇಳಿ ಲೂಪ್ ಮ್ಯಾನ್ಯುಯಲ್‌ಗೆ ಹಾಕಿಸಿ, ಅಂದರೆ ತಾನಾಗಿ ನಡೆಯುವ ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲಿ. ಇಂಟರ್‌ಲಾಕ್ (ರೀಡಿಂಗ್ ಮಿತಿ ದಾಟಿದರೆ ತಾನೇ ನಿಲ್ಲಿಸುವ ಸುರಕ್ಷಾ ವ್ಯವಸ್ಥೆ) ಇದ್ದರೆ ಅದಕ್ಕೂ ಸರಿಯಾದ ಅನುಮತಿ ತಗೊಳ್ಳಿ. ಇದನ್ನು ಮರೆತು ತಂತಿ ಬಿಚ್ಚಿದರೆ ಬರ್ನ್‌ಔಟ್ ಆಗಿದೆ ಎಂದು ಉಪಕರಣ ತಿಳಿದು ಪ್ಲಾಂಟ್ ಟ್ರಿಪ್ ಆಗಬಹುದು. ಬರ್ನ್‌ಔಟ್ ಅಂದರೆ ಥರ್ಮೋಕಪಲ್ ತುಂಡಾದಾಗ ರೀಡಿಂಗನ್ನು ಪೂರ್ತಿ ಮೇಲಕ್ಕೋ ಕೆಳಕ್ಕೋ ತಳ್ಳುವ ವ್ಯವಸ್ಥೆ.

ಈಗ ಥರ್ಮೋಕಪಲ್ ಬಿಚ್ಚಿ, ಪ್ಲಸ್ ಮೈನಸ್ ಎರಡನ್ನೂ ತಾಮ್ರದ ತುಂಡಿನಿಂದ ಸೇರಿಸಿ. ಕವರ್ ಮುಚ್ಚಿ ಕಾಯಿರಿ. ಒಳಗೆ ಸೊನ್ನೆ ಮಿಲಿವೋಲ್ಟ್, ಅಂದರೆ ವ್ಯತ್ಯಾಸ ಇಲ್ಲ. ಹಾಗಾಗಿ ಡಿಸ್‌ಪ್ಲೇ ಟರ್ಮಿನಲ್‌ನ ತಾಪಮಾನವನ್ನೇ ತೋರಿಸಬೇಕು. ಕಾಂಟ್ಯಾಕ್ಟ್ ಥರ್ಮಾಮೀಟರ್ ತುದಿಯನ್ನು ಆ ಸ್ಕ್ರೂ ಪಕ್ಕ ಇಟ್ಟು ಹೋಲಿಸಿ.

ಸೊನ್ನೆ ತೋರಿಸಿದರೆ ಸಿಜೆಸಿ ಆಫ್ ಆಗಿದೆ. ಟರ್ಮಿನಲ್ 40 ಇದ್ದೂ ಸರಿಯಾಗಿ 25 ತೋರಿಸಿದರೆ ಸ್ಥಿರ ಸೆಟ್ಟಿಂಗ್ ಇದೆ. ಎರಡು ಮೂರು ಡಿಗ್ರಿ ಆಚೀಚೆ ಇದ್ದರೆ ಮುಂದಿನ ಹಂತಕ್ಕೆ ಬನ್ನಿ. ಹುಚ್ಚು ಸಂಖ್ಯೆ ಬಂದರೆ ಸಿಜೆಸಿ ಸೆನ್ಸರ್ ಸತ್ತಿರಬಹುದು ಅಥವಾ ಅದರ ತಂತಿ ಸಡಿಲವಾಗಿರಬಹುದು.

ಕೈಯಿಂದ ಟರ್ಮಿನಲ್ ಮುಟ್ಟಿಕೊಂಡೇ ರೀಡಿಂಗ್ ನೋಡಬೇಡಿ. ಬೆರಳ ಬಿಸಿಯೇ ಸಾಕು, ಅಂಕಿ ಓಡಾಡಲು ಶುರು ಮಾಡುತ್ತದೆ.

ಹಂತ 5: ಟರ್ಮಿನಲ್ ಸುತ್ತಲಿನ ಬಿಸಿ ಹುಡುಕಿ

ಸಿಜೆಸಿ ಸೆನ್ಸರ್ ಸಾಮಾನ್ಯವಾಗಿ ಟರ್ಮಿನಲ್ ಸಾಲಿನ ಒಂದೆರಡು ಜಾಗದಲ್ಲಿ ಮಾತ್ರ ಇರುತ್ತದೆ. ಅದು ತನ್ನ ತಾಪಮಾನ ಹೇಳುತ್ತದೆ. ಉಳಿದ ಟರ್ಮಿನಲ್‌ಗಳೂ ಅಷ್ಟೇ ಇವೆ ಅನ್ನುವುದು ಉಪಕರಣದ ನಂಬಿಕೆ. ಆ ನಂಬಿಕೆ ಮುರಿಯುವುದು ಕಷ್ಟವಲ್ಲ. ಒಂದು ಪ್ಯಾನೆಲ್‌ನಲ್ಲಿ ಮೋಟರ್ ನಡೆಸುವ ಹೊಸ ಡ್ರೈವ್ ಒಂದನ್ನು ಥರ್ಮೋಕಪಲ್ ಕಾರ್ಡ್ ಕೆಳಗೆ ಕೂರಿಸಿದ್ದರು. ಕಾರ್ಡ್‌ನ ಕೆಳಗಿನ ಚಾನೆಲ್‌ಗಳು ಮಾತ್ರ ಕಡಿಮೆ ತೋರಿಸುತ್ತಿದ್ದವು, ಮೇಲಿನವು ಸರಿ. ಸೆನ್ಸರ್ ಇದ್ದದ್ದು ಮೇಲ್ಗಡೆ. ಡ್ರೈವ್ ಜಾಗ ಬದಲಿಸಿದ ಮೇಲೆ ಎಲ್ಲ ಒಂದಾದವು.

ನಿಯಮ ಸರಳ. ಟರ್ಮಿನಲ್, ಸಿಜೆಸಿ ಸೆನ್ಸರ್‌ಗಿಂತ ಬಿಸಿ ಇದ್ದರೆ ರೀಡಿಂಗ್ ಕಡಿಮೆ. ಸೆನ್ಸರ್ ಟರ್ಮಿನಲ್‌ಗಿಂತ ಬಿಸಿ ಇದ್ದರೆ ರೀಡಿಂಗ್ ಜಾಸ್ತಿ.

ಹಾಗಾಗಿ ಕಾರ್ಡ್ ಪಕ್ಕದಲ್ಲಿ ಪವರ್ ಸಪ್ಲೈ, ಡ್ರೈವ್, ಟ್ರಾನ್ಸ್‌ಫಾರ್ಮರ್ ಇದೆಯಾ? ಫ್ಯಾನ್ ಗಾಳಿ ನೇರ ಟರ್ಮಿನಲ್ ಮೇಲೆ ಬೀಳುತ್ತಿದೆಯಾ? ಕಾರ್ಡ್‌ನ ಪ್ಲಾಸ್ಟಿಕ್ ಮುಚ್ಚಳ ಕಿತ್ತು ಎಲ್ಲೋ ಬಿದ್ದಿದೆಯಾ? ಆ ಮುಚ್ಚಳ ಚೆಂದಕ್ಕೆ ಅಲ್ಲ. ಗಾಳಿ ತಡೆದು ಸೆನ್ಸರನ್ನೂ ಟರ್ಮಿನಲ್‌ಗಳನ್ನೂ ಒಂದೇ ತಾಪಮಾನದಲ್ಲಿ ಇಡುವುದೇ ಅದರ ಕೆಲಸ. ಪ್ಯಾನೆಲ್ ಬಾಗಿಲು ತೆಗೆದ ತಕ್ಷಣ ರೀಡಿಂಗ್ ಅಲುಗಿದರೆ ಅದೇ ಸುಳಿವು.

ಹಂತ 6: ಕೈ ಲೆಕ್ಕ ಮಾಡಿ

ಮೀಟರ್‌ನಲ್ಲಿ ಟರ್ಮಿನಲ್‌ಗೆ ಬರುವ ಮಿಲಿವೋಲ್ಟ್ ಅಳೆಯಿರಿ. ಟರ್ಮಿನಲ್ ತಾಪಮಾನ ಅಳೆಯಿರಿ. ಆ ತಾಪಮಾನಕ್ಕೆ ಪಟ್ಟಿಯಲ್ಲಿರುವ ಮಿಲಿವೋಲ್ಟ್ ತೆಗೆದು ಕೂಡಿ. ಮೊತ್ತವನ್ನು ಪಟ್ಟಿಯಲ್ಲಿ ಹುಡುಕಿ, ಡಿಗ್ರಿಗೆ ತಿರುಗಿಸಿ.

ಉದಾಹರಣೆಗೆ ಕೆ ಟೈಪ್, ಮೀಟರ್‌ನಲ್ಲಿ 32.275, ಟರ್ಮಿನಲ್ 25 ಡಿಗ್ರಿ. ಪಟ್ಟಿಯಲ್ಲಿ 25ಕ್ಕೆ 1.000. ಕೂಡಿದರೆ 33.275, ಅಂದರೆ 800 ಡಿಗ್ರಿ.

ಇಲ್ಲೊಂದು ಅಡ್ಡದಾರಿ ಎಲ್ಲರಿಗೂ ಹೊಳೆಯುತ್ತದೆ: ಮಿಲಿವೋಲ್ಟನ್ನು ಮೊದಲೇ ಡಿಗ್ರಿ ಮಾಡಿ, ಅದಕ್ಕೆ 25 ಕೂಡಿಬಿಟ್ಟರೆ ಆಯ್ತಲ್ವಾ? ಕೆ ಟೈಪ್‌ನಲ್ಲಿ ಇದು ಬಹುತೇಕ ಕೆಲಸ ಮಾಡುತ್ತದೆ. ಮೇಲಿನ ಲೆಕ್ಕದಲ್ಲಿ 800.7 ಬರುತ್ತದೆ, ಹಾಗಾಗಿಯೇ ತಪ್ಪು ಗೊತ್ತಾಗುವುದಿಲ್ಲ. ಎಸ್ ಟೈಪ್‌ನಲ್ಲಿ ಮಾಡಿ ನೋಡಿ. 1000 ಡಿಗ್ರಿಗೆ 9.587, 25ಕ್ಕೆ 0.143. ಮೀಟರ್‌ನಲ್ಲಿ 9.444. ಇದನ್ನು ನೇರ ಡಿಗ್ರಿ ಮಾಡಿದರೆ ಸುಮಾರು 987.6, ಅದಕ್ಕೆ 25 ಕೂಡಿದರೆ 1012.6. ಹನ್ನೆರಡೂವರೆ ಡಿಗ್ರಿ ಗಾಳಿಯಿಂದ ಬಂತು! ಥರ್ಮೋಕಪಲ್‌ನ ಗೆರೆ ನೇರವಲ್ಲ, ಅದಕ್ಕೇ. ಮಿಲಿವೋಲ್ಟನ್ನು ಮಿಲಿವೋಲ್ಟ್ ಜೊತೆಗೇ ಕೂಡಬೇಕು. ಪಿಎಲ್‌ಸಿಯಲ್ಲಿ ಅಥವಾ ಮೈಕ್ರೋಕಂಟ್ರೋಲರ್‌ನಲ್ಲಿ ಸ್ವಂತ ಕೋಡ್ ಬರೆಯುವವರು ಜಾರಿ ಬೀಳುವ ಜಾಗ ಇದೇ.

ಪ್ರೋಸೆಸ್ ಟರ್ಮಿನಲ್‌ಗಿಂತ ತಣ್ಣಗಿದ್ದರೆ ಮಿಲಿವೋಲ್ಟ್ ಮೈನಸ್ ಬರುತ್ತದೆ. ಅದು ದೋಷವಲ್ಲ, ಚಿಹ್ನೆ ಸಮೇತ ಕೂಡಿ.

ಹಂತ 7: ಕ್ಯಾಲಿಬ್ರೇಟರ್ ಸರಿಯಾಗಿ ಜೋಡಿಸಿ

ಎರಡು ದಾರಿ ಇವೆ, ಎರಡನ್ನೂ ಬೆರೆಸಬಾರದು.

ಒಂದು, ಕ್ಯಾಲಿಬ್ರೇಟರನ್ನು ಥರ್ಮೋಕಪಲ್ ಮೋಡ್‌ನಲ್ಲಿಟ್ಟು, ಅದೇ ಟೈಪ್‌ನ ಎಕ್ಸ್‌ಟೆನ್ಷನ್ ತಂತಿಯಿಂದ ಜೋಡಿಸುವುದು. ಆಗ ಕ್ಯಾಲಿಬ್ರೇಟರ್ ತನ್ನ ಕಡೆಯ ಸಿಜೆಸಿ ತಾನೇ ನೋಡಿಕೊಳ್ಳುತ್ತದೆ.

ಎರಡು, ತಾಮ್ರದ ತಂತಿಯಿಂದ ಬರೀ ಮಿಲಿವೋಲ್ಟ್ ಕೊಡುವುದು. ಆಗ ಲೆಕ್ಕ ನಿಮ್ಮದು. ಟರ್ಮಿನಲ್ 40 ಡಿಗ್ರಿ ಇದ್ದು, ಕೆ ಟೈಪ್‌ನಲ್ಲಿ 800 ತೋರಿಸಬೇಕಾದರೆ 33.275 ಕಳೆ 1.612, ಅಂದರೆ 31.663 ಕೊಡಬೇಕು.

ಥರ್ಮೋಕಪಲ್ ಮೋಡ್‌ನಲ್ಲಿ ತಾಮ್ರದ ತಂತಿ ಹಾಕಿದರೆ ಕ್ಯಾಲಿಬ್ರೇಟರ್‌ಗೂ ಟರ್ಮಿನಲ್‌ಗೂ ಇರುವ ತಾಪಮಾನದ ವ್ಯತ್ಯಾಸವೇ ತಪ್ಪಾಗಿ ಕಾಣುತ್ತದೆ. ಅದನ್ನು ಉಪಕರಣದ ತಪ್ಪು ಎಂದುಕೊಂಡು ಟ್ರಿಮ್ ಮಾಡಿದರೆ, ಅಂದರೆ ತಿದ್ದಿದರೆ, ಸರಿಯಾಗಿದ್ದದ್ದನ್ನು ಕೆಡಿಸಿದಂತೆ. ಕ್ಯಾಲಿಬ್ರೇಟರ್ ಎಸಿ ರೂಮಿನಿಂದ ಬಿಸಿ ಪ್ಲಾಂಟ್‌ಗೆ ಬಂದಿದ್ದರೆ ಅರ್ಧ ಗಂಟೆಯಾದರೂ ಅಲ್ಲೇ ಬಿಡಿ. ಅವಸರ ಬೇಡ.

ಇನ್ನೂ ನಿಖರ ಬೇಕೆಂದರೆ ಐಸ್ ಬಾತ್ ಇದೆ. ಫ್ಲಾಸ್ಕ್‌ನಲ್ಲಿ ಪುಡಿ ಮಾಡಿದ ಐಸ್ ಮತ್ತು ಡಿಸ್ಟಿಲ್ಡ್ ನೀರು ಹಾಕಿ, ಜಂಕ್ಷನ್ ಅದರೊಳಗೆ ಇಟ್ಟರೆ ಸೊನ್ನೆ ಡಿಗ್ರಿ. ಐಸ್ ತಳದವರೆಗೂ ತುಂಬಿರಬೇಕು. ಮೇಲೆ ಮಾತ್ರ ಐಸ್ ತೇಲುತ್ತಿದ್ದರೆ ತಳದ ನೀರು 4 ಡಿಗ್ರಿವರೆಗೂ ಇರಬಹುದು, ನಿಮ್ಮ ಜಂಕ್ಷನ್ ಇರುವುದೂ ಅಲ್ಲೇ. ಜಾಸ್ತಿಯಾದ ನೀರು ಚೆಲ್ಲಿ, ಐಸ್ ಒತ್ತಿ ತುಂಬಿ.

ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ಟೈಪ್ ಮೇಲೆ ಹೋಗುತ್ತದೆ. ಕೆ ಟೈಪ್‌ನಲ್ಲಿ ಸಾಮಾನ್ಯ ಫರ್ನೇಸ್ ತಾಪಮಾನಗಳಲ್ಲಿ ಸಿಜೆಸಿ ಒಂದು ಡಿಗ್ರಿ ತಪ್ಪಿದರೆ ರೀಡಿಂಗ್ ಕೂಡ ಹೆಚ್ಚೂಕಡಿಮೆ ಒಂದು ಡಿಗ್ರಿ ತಪ್ಪುತ್ತದೆ. ಎಸ್ ಟೈಪ್‌ನಲ್ಲಿ 1000 ಡಿಗ್ರಿ ಹತ್ತಿರ ಅದು ಅರ್ಧ ಡಿಗ್ರಿ ಮಾತ್ರ. ಬಿ ಟೈಪ್ 0ಯಿಂದ 50 ಡಿಗ್ರಿಯೊಳಗೆ ಹೆಚ್ಚುಕಡಿಮೆ ಏನೂ ವೋಲ್ಟೇಜ್ ಕೊಡುವುದಿಲ್ಲ. ಹಾಗಾಗಿ ಅದಕ್ಕೆ ಸಿಜೆಸಿ ಇಲ್ಲದಿದ್ದರೂ ನಡೆಯುತ್ತದೆ. ಉಲ್ಟಾ ಕಡೆ ನೋಡಿ: ಟಿ ಟೈಪ್‌ನಿಂದ ಮೈನಸ್ 200 ಡಿಗ್ರಿ ಅಳೆಯುವಾಗ ಒಂದು ಡಿಗ್ರಿಯ ಸಿಜೆಸಿ ತಪ್ಪು ಎರಡೂವರೆ ಡಿಗ್ರಿಯಾಗಿ ಬೆಳೆಯುತ್ತದೆ. ಕ್ರಯೋಜೆನಿಕ್ ಕೆಲಸದವರು ಐದನೇ ಹಂತವನ್ನು ಎರಡು ಸಲ ಮಾಡುವುದು ಒಳ್ಳೆಯದು.

ಸೆನ್ಸರ್‌ನ ಸ್ವಂತ ತಪ್ಪಿಗೆ ಇರುವ ಮಿತಿಯನ್ನೂ ಮರೆಯಬೇಡಿ. ಕ್ಲಾಸ್ 2 (ನಿಖರತೆಯ ಎರಡನೇ ದರ್ಜೆ) ಕೆ ಟೈಪ್‌ಗೆ 2.5 ಡಿಗ್ರಿ ಅಥವಾ 0.75 ಶೇಕಡ, ಯಾವುದು ಹೆಚ್ಚೋ ಅದು. 800 ಡಿಗ್ರಿಯಲ್ಲಿ ಅದು ಆಚೀಚೆ 6 ಡಿಗ್ರಿ. ಸಿಜೆಸಿಯಲ್ಲಿ ಕಾಲು ಡಿಗ್ರಿಗೆ ಒದ್ದಾಡುವ ಮೊದಲು ಇದನ್ನು ನೋಡಿಕೊಳ್ಳಿ.

ಕೊನೆಗೆ, ಆಫ್‌ಸೆಟ್ ಬಗ್ಗೆ. "ಹತ್ತು ಡಿಗ್ರಿ ಕಡಿಮೆ ತಾನೇ, ಸುಮ್ನೆ ಪ್ಲಸ್ ಹತ್ತು ಹಾಕಿಬಿಡಿ" ಎಂದು ಯಾರಾದರೂ ಹೇಳುತ್ತಾರೆ. ಮಧ್ಯಾಹ್ನ ಮೂರಕ್ಕೆ ಹಾಕಿದ ಆಫ್‌ಸೆಟ್ ಬೆಳಗಿನ ಜಾವ ಐದಕ್ಕೆ ಹತ್ತು ಡಿಗ್ರಿ ಜಾಸ್ತಿ ತೋರಿಸುತ್ತದೆ, ಯಾಕೆಂದರೆ ಆಗ ಪ್ಯಾನೆಲ್ ತಣ್ಣಗಾಗಿರುತ್ತದೆ. ಈಗಾಗಲೇ ಯಾರಾದರೂ ಹಾಕಿಟ್ಟಿದ್ದರೆ ಮೊದಲು ಅದನ್ನು ಸೊನ್ನೆ ಮಾಡಿ, ಹಳೆಯ ಸಂಖ್ಯೆಯನ್ನು ಲಾಗ್ ಪುಸ್ತಕದಲ್ಲಿ ಬರೆದಿಟ್ಟು, ಆಮೇಲೆ ಒಂದನೇ ಹಂತದಿಂದ ಶುರು ಮಾಡಿ.